ಓದಿಗೂ ಆಟಕ್ಕೂ ಒಂದೇ ಲ್ಯಾಪ್‌ಟಾಪ್: ಪೆಟ್ಟಿಗೆಯ ಮೇಲೆ ಬರೆಯದ ಸಂಖ್ಯೆಗಳು

ಓದಿಗೂ ಆಟಕ್ಕೂ ಆಗುವ ಲ್ಯಾಪ್‌ಟಾಪ್ ಹುಡುಕಲು ಕೂತಾಗ ಮೊದಮೊದಲು ಎಲ್ಲವೂ ಸಲೀಸು ಅನಿಸುತ್ತದೆ. ಬಜೆಟ್ ಗೊತ್ತಿದೆ, ಬೇಕಾದ ಗ್ರಾಫಿಕ್ಸ್ ಕಾರ್ಡ್‌ನ ಹೆಸರು ಗೊತ್ತಿದೆ, ಇನ್ನೇನು ಬೇಕು? ಸ್ವಲ್ಪ ಒಳಗೆ ಇಳಿದರೆ ಸಾಕು, ಬ್ರೌಸರ್ ತುಂಬ ಟ್ಯಾಬ್‌ಗಳು, ಒಂದೇ ಹೆಸರಿನ ಮೂರು ಯಂತ್ರಗಳಿಗೆ ಮೂರು ದರ, ಒಂದೇ ಕಾರ್ಡ್ ಇರುವ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಆಟಕ್ಕೆ ಬೇರೆ ಬೇರೆ ವೇಗ. ಯಾರನ್ನು ಕೇಳಿದರೂ "ಎರಡೂ ಚೆನ್ನಾಗಿದೆ" ಅನ್ನುವ ಉತ್ತರ. ಆ ಗೊಂದಲ ದಾಟಿ, ಯಂತ್ರ ಕೈಗೆ ಬಂದು, ಪರೀಕ್ಷೆಗಳೂ ಮುಗಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಡೆದ ಕ್ರಮದಲ್ಲೇ ಹೇಳುತ್ತೇನೆ. ಕೊನೆಗೆ ಎಲ್ಲವೂ ಬಂದು ನಿಂತದ್ದು ಎರಡು ವಿಷಯಗಳ ಮೇಲೆ: ಗ್ರಾಫಿಕ್ಸ್ ಕಾರ್ಡ್‌ಗೆ ಎಷ್ಟು ವ್ಯಾಟ್ ವಿದ್ಯುತ್ ಕೊಟ್ಟಿದ್ದಾರೆ, ಮತ್ತು ಆ ಲ್ಯಾಪ್‌ಟಾಪ್‌ನ ಪೂರ್ಣ ಮಾಡೆಲ್ ನಂಬರ್ ಏನು. ಜಾಹೀರಾತಿನಲ್ಲಿ ಇವೆರಡೂ ಇರುವುದಿಲ್ಲ.

ಶುರು ಮಾಡಬೇಕಾದದ್ದು ಕೋರ್ಸ್‌ಗೆ ಬೇಕಾದ ಸಾಫ್ಟ್‌ವೇರ್‌ಗಳ ಪಟ್ಟಿಯಿಂದ. ಆಟಗಳ ಪಟ್ಟಿ ಆಮೇಲೆ. ವಿಭಾಗದವರು ಪಟ್ಟಿ ಕೊಡದಿದ್ದರೆ ಅದೇ ಕೋರ್ಸ್‌ನಲ್ಲಿ ಒಂದೆರಡು ವರ್ಷ ಮುಂದಿರುವವರನ್ನು ಕೇಳಿ. ಮೊದಲ ವರ್ಷದ ಪಟ್ಟಿ ನೋಡಿ ಕೊಂಡರೆ ಮೂರನೇ ವರ್ಷ ಕೈ ಕಚ್ಚುತ್ತದೆ. ಯಂತ್ರ, ಕಟ್ಟಡಗಳ ವಿನ್ಯಾಸಕ್ಕೆ ಬಳಸುವ ಸಾಲಿಡ್‌ವರ್ಕ್ಸ್, ರೆವಿಟ್ ಇವು ವಿಂಡೋಸ್‌ಗೆ ಮಾತ್ರ. ಆಪಲ್ 2020ರಲ್ಲಿ ತನ್ನದೇ ಚಿಪ್‌ಗೆ ಬದಲಾದ ಮೇಲೆ ಮ್ಯಾಕ್‌ಬುಕ್‌ನಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕುವ ದಾರಿಯೂ ಮುಚ್ಚಿತು. ಐಫೋನ್ ಆ್ಯಪ್ ಬರೆಯುವವರಿಗೆ ಬೇಕಾದ ಎಕ್ಸ್‌ಕೋಡ್ ಇದಕ್ಕೆ ತದ್ವಿರುದ್ಧ, ಅದು ಮ್ಯಾಕ್‌ನಲ್ಲಿ ಮಾತ್ರ. ಮಶೀನ್ ಲರ್ನಿಂಗ್ ಪಾಠದಲ್ಲಿ ಕುಡಾ ಎಂಬ ಪದ ಕಂಡರೆ ಎನ್‌ವಿಡಿಯಾ ಕಾರ್ಡ್ ಬೇಕು ಎಂದರ್ಥ. ಪರೀಕ್ಷೆಗೆ ಸೇಫ್ ಎಕ್ಸಾಮ್ ಬ್ರೌಸರ್ ಬಳಸುವ ಕಡೆ ಲಿನಕ್ಸ್ ಒಂದನ್ನೇ ನಂಬಿಕೊಂಡರೆ ಆಗದು.

2024ರ ಮಧ್ಯದಿಂದ ಬರುತ್ತಿರುವ ಸ್ನಾಪ್‌ಡ್ರಾಗನ್ ಎಕ್ಸ್ ಲ್ಯಾಪ್‌ಟಾಪ್‌ಗಳ ಆಸೆಯೂ ಈ ಹಂತದಲ್ಲೇ ಹುಟ್ಟುತ್ತದೆ. ತೆಳು, ತಣ್ಣಗೆ, ಬ್ಯಾಟರಿ ದೀರ್ಘ. ಬರೀ ಟಿಪ್ಪಣಿ, ಬ್ರೌಸರ್, ದಾಖಲೆ ಕೆಲಸಕ್ಕೆ ಚೆನ್ನ. ಆದರೆ ಒಳಗಿರುವುದು ಆರ್ಮ್ ಚಿಪ್, ಮಾಮೂಲಿ ಇಂಟೆಲ್, ಎಎಂಡಿ ಚಿಪ್‌ಗಳಿಗಿಂತ ಬೇರೆಯೇ ಬಗೆಯದು. ಹಳೆಯ ಪ್ರಿಂಟರ್, ಲ್ಯಾಬ್ ಉಪಕರಣಗಳ ಡ್ರೈವರ್ ಸಿಗದೆ ಇರಬಹುದು, ಎಷ್ಟೋ ಆಟಗಳ ಆ್ಯಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್) ತಕರಾರು ತೆಗೆಯುತ್ತದೆ. ಆಟವೂ ಬೇಕು ಅನ್ನುವವರು ಇದನ್ನು ಇಲ್ಲಿಗೇ ಬಿಡುವುದು ಕ್ಷೇಮ. ಆ್ಯಂಟಿ-ಚೀಟ್ ಎಂದ ಮೇಲೆ ಇನ್ನೊಂದು ಮಾತು: ವ್ಯಾಲೊರಂಟ್ ಆಡಲು ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳು ಎರಡೂ ಆನ್ ಆಗಿರಬೇಕು. ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ ಅದು ನಡೆಯುವುದಿಲ್ಲ. ಕೌಂಟರ್-ಸ್ಟ್ರೈಕ್ 2 ಕೂಡ 2023ರಲ್ಲಿ ಬಂದಾಗ ಮ್ಯಾಕ್ ಕೈಬಿಟ್ಟಿತು.

ಈಗ ಆಟಗಳ ಪಟ್ಟಿ. ಇಲ್ಲಿ ಪ್ರಾಮಾಣಿಕವಾಗಿರುವುದು ಕಷ್ಟ, ಯಾಕೆಂದರೆ ಎಲ್ಲರೂ ಮುಂದೆಂದೋ ಆಡಲಿರುವ ಭಾರೀ ಆಟವನ್ನೇ ಬರೆದುಕೊಳ್ಳುತ್ತಾರೆ. ದಿನವೂ ಆಡುವುದು ವ್ಯಾಲೊರಂಟ್, ಮೈನ್‌ಕ್ರಾಫ್ಟ್, ಡೋಟಾ ಥರದವು ಮಾತ್ರವಾದರೆ ಗೇಮಿಂಗ್ ಲ್ಯಾಪ್‌ಟಾಪ್‌ನ ಅಗತ್ಯವೇ ಇಲ್ಲದಿರಬಹುದು. ಎಎಂಡಿಯ ರೇಡಿಯಾನ್ 780ಎಂ ಅಥವಾ ಇಂಟೆಲ್‌ನ ಹೊಸ ಆರ್ಕ್ ಎಂಬ ಗ್ರಾಫಿಕ್ಸ್, ಪ್ರೊಸೆಸರ್‌ನೊಳಗೇ ಇರುವ ಹಗುರ ಲ್ಯಾಪ್‌ಟಾಪ್ ಇವನ್ನು ಸೆಟ್ಟಿಂಗ್ ಸ್ವಲ್ಪ ಇಳಿಸಿದರೆ ಚೆನ್ನಾಗಿಯೇ ಓಡಿಸುತ್ತದೆ. ಅರ್ಧ ತೂಕ, ದುಪ್ಪಟ್ಟು ಬ್ಯಾಟರಿ. ಈ ಲೇಖನದ ಉಳಿದ ಭಾಗ ಅದು ಸಾಲದವರಿಗೆ.

ಪ್ರತ್ಯೇಕ ಕಾರ್ಡ್ ಬೇಕೇ ಬೇಕು ಅಂದಮೇಲೆ ಮೊದಲು ನೋಡಬೇಕಾದದ್ದು ಅದರ ಸ್ವಂತ ಮೆಮೊರಿ, ಅಂದರೆ ವಿರ‍್ಯಾಮ್. 4 ಜಿಬಿ ಇರುವ ಎನ್‌ವಿಡಿಯಾದ ಆರ್‌ಟಿಎಕ್ಸ್ 2050, ಹಳೆಯ 3050 ಇವು ಹೊಸ ಆಟಗಳಿಗೆ ಈಗಾಗಲೇ ಕಿರಿದು. 4050ಯಲ್ಲಿ 6 ಜಿಬಿ. ಟೆಕ್ಸ್ಚರ್ ಗುಣಮಟ್ಟ ಇಳಿಸಿಕೊಂಡರೆ ನಡೆಯುತ್ತದೆ. 4060, 5050, 5060ರಲ್ಲಿ 8 ಜಿಬಿ. ವಿರ‍್ಯಾಮ್ ತುಂಬಿದರೆ ಆಟ ನಿಲ್ಲುವುದಿಲ್ಲ, ಮಿಕ್ಕ ಡೇಟಾ ಲ್ಯಾಪ್‌ಟಾಪ್‌ನ ಸಾಮಾನ್ಯ ರ‍್ಯಾಮ್‌ಗೆ ಹೋಗಿ ಕೂರುತ್ತದೆ. ಅಲ್ಲಿಂದ ಪ್ರತಿ ಸಲ ತರುವಾಗ ಚಿತ್ರ ತಡೆತಡೆದು ಬರುತ್ತದೆ. ಸರಾಸರಿ ಫ್ರೇಮ್ ಸಂಖ್ಯೆ (ಸೆಕೆಂಡಿಗೆ ಎಷ್ಟು ಚಿತ್ರ) ಚೆನ್ನಾಗಿಯೇ ಕಾಣುತ್ತಿದ್ದರೂ ಆಡುವಾಗ ಕಿರಿಕಿರಿಯಾಗುವುದು ಇದರಿಂದಲೇ. ವಿಮರ್ಶೆಗಳಲ್ಲಿ ಸರಾಸರಿಯ ಪಕ್ಕದಲ್ಲಿರುವ "1 ಪರ್ಸೆಂಟ್ ಲೋ", ಅಂದರೆ ಅತಿ ನಿಧಾನದ ನೂರರಲ್ಲೊಂದು ಫ್ರೇಮ್‌ಗಳ ವೇಗ ಹೇಳುವ ಸಂಖ್ಯೆ ನೋಡಬೇಕು ಅನ್ನುವುದು ಇದಕ್ಕೇ.

ಲ್ಯಾಪ್‌ಟಾಪ್ ಕಾರ್ಡ್‌ಗೂ ಡೆಸ್ಕ್‌ಟಾಪ್ ಕಾರ್ಡ್‌ಗೂ ಹೆಸರು ಒಂದೇ ಇರಬಹುದು, ಸರಕು ಒಂದೇ ಅಲ್ಲ. ಡೆಸ್ಕ್‌ಟಾಪ್ 4070ಯಲ್ಲಿ 12 ಜಿಬಿ, ಲ್ಯಾಪ್‌ಟಾಪ್ 4070ಯಲ್ಲಿ 8 ಜಿಬಿ. 5070ರಲ್ಲೂ ಅದೇ ಕಥೆ. ಲ್ಯಾಪ್‌ಟಾಪ್‌ನಲ್ಲಿ 12 ಜಿಬಿ ಬೇಕೆಂದರೆ 5070 ಟಿಐಗೆ ಹೋಗಬೇಕು. 8 ಜಿಬಿಯ 4060ಯಿಂದ ಅದೇ 8 ಜಿಬಿಯ 4070ಗೆ ಏರಲು ಕೇಳುವ ಹೆಚ್ಚುವರಿ ಹಣವನ್ನು ಪರದೆಗೋ ರ‍್ಯಾಮ್‌ಗೋ ಹಾಕುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಈಗ ಅಸಲಿ ವಿಷಯ, ವ್ಯಾಟ್. ಎನ್‌ವಿಡಿಯಾ 4060 ಲ್ಯಾಪ್‌ಟಾಪ್ ಕಾರ್ಡ್‌ಗೆ ಕೊಟ್ಟಿರುವ ವ್ಯಾಪ್ತಿ 35ರಿಂದ 115 ವ್ಯಾಟ್. ಅದರ ಮೇಲೆ ಡೈನಾಮಿಕ್ ಬೂಸ್ಟ್ ಎಂಬ ಸೌಲಭ್ಯ ಪ್ರೊಸೆಸರ್ ಬಳಸದೆ ಬಿಟ್ಟ ವಿದ್ಯುತ್ತನ್ನು ಕಾರ್ಡ್‌ಗೆ ತಿರುಗಿಸಿ 140ರವರೆಗೂ ಒಯ್ಯಬಹುದು. ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ತಯಾರಿಸುವ ಕಂಪನಿ. ಇದನ್ನೇ ಟಿಜಿಪಿ ಅನ್ನುತ್ತಾರೆ. ತೆಳು ಮೈಯಲ್ಲಿ 60 ವ್ಯಾಟ್‌ಗೆ ಕಟ್ಟಿಹಾಕಿದ 4060, ದಪ್ಪ ಮೈಯಲ್ಲಿ ಪೂರ್ತಿ ವಿದ್ಯುತ್ ಸಿಕ್ಕ 4050ಗೆ ಸಮನಾಗಿ ನಿಲ್ಲಲು ಒದ್ದಾಡುತ್ತದೆ. ಮೊದಲು ಮ್ಯಾಕ್ಸ್-ಕ್ಯೂ ಎಂಬ ಹೆಸರಿನಿಂದಲಾದರೂ ಕಡಿಮೆ ವ್ಯಾಟ್‌ನದ್ದು ಯಾವುದೆಂದು ಗುರುತು ಸಿಗುತ್ತಿತ್ತು. 30 ಸರಣಿಯಿಂದ ಆ ಗುರುತೂ ಹೋಯಿತು. ಹಾಗೆಂದು 140 ವ್ಯಾಟ್ ಎಂಬ ಅಕ್ಷರಗಳಿಗೂ ಮರುಳಾಗಬೇಡಿ. 4050, 4060ರಲ್ಲಿ ಸುಮಾರು 100 ವ್ಯಾಟ್ ದಾಟಿದ ಮೇಲೆ ಸಿಗುವ ಲಾಭ ಅತ್ಯಲ್ಪ. 90ರಿಂದ 115ರ ಒಳಗಿದ್ದರೆ ನೆಮ್ಮದಿ.

ಈ ಸಂಖ್ಯೆ ಎಲ್ಲಿ ಸಿಗುತ್ತದೆ? ಮಾರಾಟದ ಪುಟದಲ್ಲಿ ಬಹುತೇಕ ಇಲ್ಲ. ನಾನು ಅಂಗಡಿಯೊಂದರಲ್ಲಿ ಕೇಳಿದಾಗ ಚಾರ್ಜರ್ ಮೇಲಿದ್ದ ವ್ಯಾಟ್ ಓದಿ ಹೇಳಿದರು. ಅದು ಇಡೀ ಯಂತ್ರದ್ದು, ಕಾರ್ಡ್‌ದಲ್ಲ. ತಯಾರಕರ ತಾಂತ್ರಿಕ ದಾಖಲೆಯಲ್ಲೇ ಹುಡುಕಬೇಕು. ಲೆನೋವೊ ತನ್ನ ಎಲ್ಲ ಮಾಡೆಲ್‌ಗಳ ವಿವರವನ್ನು ಪಿಎಸ್‌ರೆಫ್ ಎಂಬ ಕಡತಗಳಲ್ಲಿ ಕೊಡುತ್ತದೆ, ಟಿಜಿಪಿ ಸಮೇತ. ಡೆಲ್, ಎಚ್‌ಪಿ ಕಂಪನಿಗಳ ಸರ್ವಿಸ್ ಮ್ಯಾನ್ಯುಯಲ್‌ಗಳು ಅವುಗಳದೇ ಜಾಲತಾಣದಲ್ಲಿ ಸಿಗುತ್ತವೆ. ರ‍್ಯಾಮ್ ಎಷ್ಟು ಸ್ಲಾಟ್, ಎಸ್‌ಎಸ್‌ಡಿಗೆ ಎರಡನೇ ಜಾಗ ಇದೆಯೇ ಎಂಬುದನ್ನು ಅಲ್ಲಿನ ಚಿತ್ರಗಳಲ್ಲೇ ನೋಡಬಹುದು. ಪರದೆ, ಶಬ್ದ, ಬಿಸಿಯ ಅಳತೆಗಳಿಗೆ ನೋಟ್‌ಬುಕ್‌ಚೆಕ್ ವಿಮರ್ಶೆಗಳು ಒಳ್ಳೆಯವು. ಅಂಗಡಿಯಲ್ಲಿ ಯಂತ್ರ ತೆರೆದಿಟ್ಟಿದ್ದರೆ ಇನ್ನೂ ಸುಲಭ: ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಮ್ ಇನ್ಫರ್ಮೇಶನ್ ಒತ್ತಿದರೆ "ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್" ಎಂಬ ಸಾಲು ಇರುತ್ತದೆ.

ವಿಮರ್ಶೆ ಓದುವಾಗಲೇ ಎರಡನೇ ತೊಡಕು ಎದುರಾಗುತ್ತದೆ. ಅವರು ಹೊಗಳಿದ ಯಂತ್ರವೂ ನೀವು ಕೊಳ್ಳಲಿರುವ ಯಂತ್ರವೂ ಒಂದೇ ಆಗಿರಬೇಕಿಲ್ಲ. ಒಂದೇ ಹೆಸರಿನ ಕೆಳಗೆ ಎರಡು ಮೂರು ಪರದೆ, ಎರಡು ಬ್ಯಾಟರಿ, ನಾಲ್ಕಾರು ಪ್ರೊಸೆಸರ್ ಇರುತ್ತವೆ. ವಿಮರ್ಶೆಗೆ ಹೋಗುವುದು ಸಾಮಾನ್ಯವಾಗಿ ಒಳ್ಳೆಯ ಪರದೆಯದ್ದು. ರಿಯಾಯಿತಿಯಲ್ಲಿ ಬರುವುದು ಅಗ್ಗದ ಪರದೆಯದ್ದು. ಹೊರಗೆ ಥಳುಕು ಒಳಗೆ ಹುಳುಕು ಅನ್ನುವುದು ಇಂಥದಕ್ಕೇ. ಇವನ್ನು ಬೇರ್ಪಡಿಸುವುದು ತಳದ ಸ್ಟಿಕರ್ ಮೇಲಿರುವ ಪೂರ್ಣ ಮಾಡೆಲ್ ನಂಬರ್ ಮಾತ್ರ, ಅದರ ಬಾಲದ ಅಕ್ಷರಗಳೂ ಸೇರಿ. ಆ ನಂಬರ್ ಕೊಡದ ಮಾರಾಟಗಾರರನ್ನು ಬರಹದಲ್ಲಿ ಕೇಳಿ ಉತ್ತರ ಉಳಿಸಿಕೊಳ್ಳಿ. ಉತ್ತರ ಬರಲು ತಡವಾಗುತ್ತದೆ, ಕಾಯುವಾಗ "ಕೊನೆಯ ಒಂದೇ ಉಳಿದಿದೆ" ಎಂಬ ಕೆಂಪು ಅಕ್ಷರ ಹೆದರಿಸುತ್ತದೆ. ಹೆದರಬೇಡಿ, ಆ ಕೆಂಪು ಅಕ್ಷರ ಮರುದಿನವೂ ಅಲ್ಲೇ ಇರುತ್ತದೆ.

ಪ್ರೊಸೆಸರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ, ಆದರೆ ಹೆಸರುಗಳ ಆಟ ಇಲ್ಲೂ ಇದೆ. ಕೊನೆಯ ಅಕ್ಷರ ನೋಡಿ: ಯು ಇದ್ದರೆ ವಿದ್ಯುತ್ ಉಳಿಸುವ ಬಗೆ, ಎಚ್ ಅಥವಾ ಎಚ್‌ಎಸ್ ಇದ್ದರೆ ಆಟಕ್ಕೆ ಸರಿಯಾದದ್ದು, ಎಚ್‌ಎಕ್ಸ್ ಇದ್ದರೆ ಬಲ ಜಾಸ್ತಿ, ಬ್ಯಾಟರಿಗೂ ಬಿಸಿಗೂ ಏಟು. ಎಎಂಡಿಯ 7000 ಸರಣಿಯಲ್ಲಿ ಮೂರನೇ ಅಂಕಿಯೇ ಅಸಲಿ ವಯಸ್ಸು ಹೇಳುತ್ತದೆ. ರೈಜನ್ 7520ಯು ಎಂಬುದರಲ್ಲಿ 2 ಎಂದರೆ 2019ರ ಜೆನ್ 2 ವಿನ್ಯಾಸ. 7840ಎಚ್‌ಎಸ್‌ನ 4 ಎಂದರೆ ಜೆನ್ 4. ಇಂಟೆಲ್‌ನಲ್ಲಿ ಅಲ್ಟ್ರಾ ಎಂಬ ಪದವಿಲ್ಲದ ಕೋರ್ 7 240ಎಚ್ ಥರದವು ಹೊಸ ಹೆಸರಿನ ಹಳೆಯ ರಾಪ್ಟರ್ ಲೇಕ್ ಚಿಪ್‌ಗಳು. ಆಟಕ್ಕೆ ಅವು ಕೆಟ್ಟವಲ್ಲ. ಹೊಸದೆಂದು ಹೆಚ್ಚು ಹಣ ಕೊಡಬಾರದು, ಅಷ್ಟೇ.

ರ‍್ಯಾಮ್ 16 ಜಿಬಿಗಿಂತ ಕಡಿಮೆ ಬೇಡ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಅದರಲ್ಲೇ ಒಂದು ಪಾಲು ಮೀಸಲಿಟ್ಟುಕೊಳ್ಳುತ್ತದೆ. ವಿಂಡೋಸ್, ಬ್ರೌಸರ್ ಸೇರಿದರೆ 8 ಜಿಬಿ ಯಂತ್ರದಲ್ಲಿ ಆ್ಯಂಡ್ರಾಯ್ಡ್ ಸ್ಟುಡಿಯೋ ಎಮ್ಯುಲೇಟರ್ ಏಳುವುದೇ ಕಷ್ಟ. ಗಾತ್ರದಷ್ಟೇ ಮುಖ್ಯವಾದದ್ದು ಚಾನೆಲ್. 16 ಜಿಬಿಯ ಒಂದೇ ರ‍್ಯಾಮ್ ಪಟ್ಟಿ ಹಾಕಿದ್ದರೆ ಪ್ರೊಸೆಸರ್‌ಗೆ ಮೆಮೊರಿಯ ಅರ್ಧ ಅಗಲದ ದಾರಿ ಮಾತ್ರ ತೆರೆದಿರುತ್ತದೆ, ಆಟದ ಕನಿಷ್ಠ ಫ್ರೇಮ್‌ಗಳು ಕುಸಿಯುತ್ತವೆ. ಆದರೂ ಒಂದು ಪಟ್ಟಿ, ಒಂದು ಖಾಲಿ ಸ್ಲಾಟ್ ಇರುವ ಯಂತ್ರ ನನಗೆ ಒಪ್ಪಿಗೆ. ಅದೇ ವೇಗದ ಇನ್ನೊಂದು ಪಟ್ಟಿ ಸೇರಿಸಿದರೆ 32 ಜಿಬಿಯೂ ಆಯಿತು, ಎರಡೂ ಚಾನೆಲ್ ತುಂಬಿದವು. ಎಲ್‌ಪಿಡಿಡಿಆರ್ ಎಂದು ಬರೆದಿದ್ದರೆ ಅದು ಬಹುಪಾಲು ಬೋರ್ಡಿಗೇ ಬೆಸುಗೆ ಹಾಕಿದ್ದು, ಮುಂದೆ ಏರಿಸಲಾಗದು. ಹಾಗಿದ್ದಲ್ಲಿ ಕೊಳ್ಳುವಾಗಲೇ 32 ತೆಗೆದುಕೊಳ್ಳಿ.

ಎಸ್‌ಎಸ್‌ಡಿ ವಿಷಯ ಸರಳ. 512 ಜಿಬಿ ಎಂದದ್ದು ವಿಂಡೋಸ್‌ನಲ್ಲಿ 476 ಎಂದು ಕಾಣುತ್ತದೆ. ಅದು ಮೋಸವಲ್ಲ, ಲೆಕ್ಕದ ಬಗೆ ಬೇರೆ. ಒಂದೊಂದು ದೊಡ್ಡ ಆಟ 100 ಜಿಬಿ ದಾಟುವ ಕಾಲದಲ್ಲಿ ಎಸ್‌ಎಸ್‌ಡಿ ಕೂರಿಸುವ ಎರಡನೇ ಎಂ.2 ಸ್ಲಾಟ್ ಇರುವ ಯಂತ್ರ ಸಿಕ್ಕರೆ ಬಿಡಬೇಡಿ.

ಪರದೆಗೆ ಮತ್ತೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಓದುವಾಗ ಕಣ್ಣು ನೆಡುವುದು ಇದರ ಮೇಲೆ. ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂಬುದಕ್ಕೆ ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎಂಬ ಎರಡು ಅಳತೆಗಳಿವೆ. "45% ಎನ್‌ಟಿಎಸ್‌ಸಿ" ಎಂದಿದ್ದರೆ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಎರಡು ಭಾಗವೂ ಪೂರ್ತಿ ಕಾಣುವುದಿಲ್ಲ. ಕೆಂಪು ಇಟ್ಟಿಗೆಯಂತೆ ಮಂಕು. ಡಿಸೈನ್, ವಿಡಿಯೋ ಕಲಿಯುವವರಿಗೆ ಇದು ಆಗದು. 72% ಎನ್‌ಟಿಎಸ್‌ಸಿ ಅಥವಾ 100% ಎಸ್‌ಆರ್‌ಜಿಬಿ ಎರಡೂ ಹೆಚ್ಚುಕಡಿಮೆ ಒಂದೇ, ಅದನ್ನು ಕೇಳಿ. ಅಗ್ಗದ 144 ಹರ್ಟ್ಸ್ ಪರದೆಗಳ ಇನ್ನೊಂದು ಚಾಳಿ: ಪ್ರತಿ 6.9 ಮಿಲಿಸೆಕೆಂಡಿಗೆ ಹೊಸ ಚಿತ್ರ ಬರುತ್ತದೆ ನಿಜ, ಆದರೆ ಪಿಕ್ಸೆಲ್ ಬಣ್ಣ ಬದಲಿಸಲು 20 ಮಿಲಿಸೆಕೆಂಡಿಗೂ ಹೆಚ್ಚು ಹಿಡಿದರೆ ಓಡುವ ವಸ್ತುವಿನ ಹಿಂದೆ ನೆರಳು ಎಳೆಯುತ್ತದೆ. ಹೊಳಪು 300 ನಿಟ್‌ಗಿಂತ ಕೆಳಗಿದ್ದರೆ ಕಿಟಕಿ ಪಕ್ಕದ ಬೆಂಚಿನಲ್ಲಿ ಅಕ್ಷರ ಕಾಣುವುದಿಲ್ಲ. ಉದ್ದಗಲ 16:10 ಇದ್ದರೆ ಪಿಡಿಎಫ್ ಓದಲು, ಕೋಡ್ ಬರೆಯಲು ಒಂದೆರಡು ಸಾಲು ಹೆಚ್ಚು ಸಿಗುತ್ತದೆ. 2560×1600 ನೋಡಲು ಚೆಂದ, ಆದರೆ 1920×1200ಕ್ಕಿಂತ ಸುಮಾರು 1.8 ಪಟ್ಟು ಪಿಕ್ಸೆಲ್. 4050ಗೆ ಅಷ್ಟು ಹೊರೆ ಹೊರಿಸಿದರೆ ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಹಾಕದೆ ವಿಧಿಯಿಲ್ಲ.

ಮಕ್ಸ್ ಸ್ವಿಚ್ ಇದೆಯೇ ಎಂದೂ ನೋಡಿ. ಅದಿಲ್ಲದ ಯಂತ್ರದಲ್ಲಿ ದೊಡ್ಡ ಕಾರ್ಡ್ ಬಿಡಿಸಿದ ಚಿತ್ರವೆಲ್ಲ ಪ್ರೊಸೆಸರ್‌ನ ಸಣ್ಣ ಗ್ರಾಫಿಕ್ಸ್ ಮೂಲಕ ಹಾದು ಪರದೆಗೆ ಬರುತ್ತದೆ, ವೇಗದ ಆಟಗಳಲ್ಲಿ ಅಲ್ಲಿ ಫ್ರೇಮ್ ಸೋರುತ್ತದೆ.

ತೂಕ ಮತ್ತು ಬ್ಯಾಟರಿ ವಿಷಯದಲ್ಲಿ ಆಸೆಗೆ ಮಿತಿ ಬೇಕು. ಈ ವರ್ಗದ ಲ್ಯಾಪ್‌ಟಾಪ್ 2.2ರಿಂದ 2.5 ಕೆಜಿ, ಜೊತೆಗೆ ಇಟ್ಟಿಗೆಯ ಗಾತ್ರದ ಚಾರ್ಜರ್. ಬೆನ್ನ ಮೇಲೆ ದಿನವೂ ಸುಮಾರು 3 ಕೆಜಿ ಎಂದೇ ಲೆಕ್ಕ ಹಾಕಿ. ಬ್ಯಾಟರಿಯನ್ನು ವ್ಯಾಟ್-ಅವರ್‌ನಲ್ಲಿ ಓದಿ, ಜಾಹೀರಾತಿನ ಗಂಟೆಗಳಲ್ಲಿ ಬೇಡ. 60 ವ್ಯಾಟ್-ಅವರ್ ಇದ್ದು ಟಿಪ್ಪಣಿ ಬರೆಯುವಾಗ ಯಂತ್ರ 15 ವ್ಯಾಟ್ ಎಳೆದರೆ ನಾಲ್ಕು ಗಂಟೆ. 90 ಇದ್ದರೆ ಆರು. ಆಟವನ್ನಂತೂ ಬ್ಯಾಟರಿಯಲ್ಲಿ ಆಡುವ ಯೋಚನೆ ಬಿಡಿ, ವೇಗ ಅರ್ಧಕ್ಕರ್ಧ ಇಳಿಯುತ್ತದೆ, ಚಾರ್ಜೂ ಒಂದು ಗಂಟೆ ಬಂದರೆ ಹೆಚ್ಚು. ಟೈಪ್-ಸಿ ಮೂಲಕ 100 ವ್ಯಾಟ್ ಚಾರ್ಜಿಂಗ್ ಒಪ್ಪುವ ಯಂತ್ರವಾದರೆ ಕಾಲೇಜಿಗೆ ಸಣ್ಣ ಚಾರ್ಜರ್ ಒಯ್ದು ದೊಡ್ಡದನ್ನು ರೂಮಿನಲ್ಲೇ ಬಿಡಬಹುದು. ನನ್ನ ಮಟ್ಟಿಗೆ ಎರಡು ಸಮಬಲದ ಯಂತ್ರಗಳ ನಡುವೆ ತೀರ್ಮಾನ ಮಾಡಿಸಿದ್ದು ಇದೊಂದೇ ಅಂಶ. ಎಲ್ಲ ಟೈಪ್-ಸಿ ರಂಧ್ರಗಳೂ ಚಾರ್ಜ್ ಮಾಡುವುದಿಲ್ಲ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಪವರ್ ಡೆಲಿವರಿ ಎಂಬ ಪದ ಇರಲೇಬೇಕು.

ಇನ್ನು ಕಾಯುವಿಕೆ. ಹೊಸ ಚಿಪ್‌ಗಳನ್ನು ಸಾಮಾನ್ಯವಾಗಿ ಜನವರಿಯ ಸಿಇಎಸ್ ಮೇಳದಲ್ಲಿ ಘೋಷಿಸುತ್ತಾರೆ, ಯಂತ್ರಗಳು ಬರುವುದು ಕೆಲವು ವಾರ, ತಿಂಗಳ ನಂತರ. ಆರ್‌ಟಿಎಕ್ಸ್ 50 ಸರಣಿಯ ಲ್ಯಾಪ್‌ಟಾಪ್‌ಗಳು ಹೀಗೇ 2025ರ ಜನವರಿಯಲ್ಲಿ ಘೋಷಣೆಯಾಗಿ ವಸಂತದ ಹೊತ್ತಿಗೆ ಅಂಗಡಿ ತಲುಪಿದವು. ಆ ನಡುವಿನ ಅವಧಿಯಲ್ಲಿ ಹಿಂದಿನ ಪೀಳಿಗೆಯ ದರ ಇಳಿಯುವುದುಂಟು. ಸೆಮಿಸ್ಟರ್ ಶುರುವಾಗಲು ಸಮಯವಿದ್ದರೆ ಕಾಯಿರಿ. ಪಾಠ ಶುರುವಾಗಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ, ಮುಂದಿನದು ಯಾವಾಗಲೂ ಬರುತ್ತಲೇ ಇರುತ್ತದೆ.

ಬಜೆಟ್ ಪೂರ್ತಿಯನ್ನು ಯಂತ್ರಕ್ಕೇ ಸುರಿಯಬೇಡಿ. ಎರಡನೇ ರ‍್ಯಾಮ್ ಪಟ್ಟಿ, ಬ್ಯಾಕಪ್‌ಗೆ ಹೊರಗಿನ ಡ್ರೈವ್, ಒಳ್ಳೆಯ ಬ್ಯಾಗು, ಮೌಸ್, ಅಪಘಾತದ ವಾರಂಟಿ ಇವಕ್ಕೆ ಹತ್ತನೇ ಒಂದು ಭಾಗವನ್ನಾದರೂ ಎತ್ತಿಡಿ. ಕಾರ್ಡ್‌ಗೆ ಎಲ್ಲ ಸುರಿದು 8 ಜಿಬಿ ರ‍್ಯಾಮ್, ಮಂಕು ಪರದೆಗೆ ಒಪ್ಪಿಕೊಂಡರೆ ಮೂಗಿಗಿಂತ ಮೂಗುತಿ ಭಾರವಾದ ಹಾಗೆ. ಸಾಫ್ಟ್‌ವೇರ್‌ಗೆ ಮಾತ್ರ ಅವಸರದಲ್ಲಿ ಹಣ ಕೊಡಬೇಡಿ. ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ತನ್ನ ಸಾಫ್ಟ್‌ವೇರ್‌ಗಳನ್ನು ಉಚಿತವಾಗಿ ಕೊಡುತ್ತದೆ, ಜೆಟ್‌ಬ್ರೇನ್ಸ್ ಕೂಡ. ಆಫೀಸ್, ಮ್ಯಾಟ್‌ಲ್ಯಾಬ್ ಲೈಸೆನ್ಸ್ ಎಷ್ಟೋ ಕಾಲೇಜುಗಳಲ್ಲಿ ಮೊದಲೇ ಇರುತ್ತದೆ.

ಕಾಗದಪತ್ರದ ತಲೆನೋವು ಶುರುವಾಗುವುದು ಇಲ್ಲೇ. ವಿದ್ಯಾರ್ಥಿ ರಿಯಾಯಿತಿಗೂ ಉಚಿತ ಲೈಸೆನ್ಸ್‌ಗೂ ಓದುತ್ತಿರುವುದಕ್ಕೆ ಪುರಾವೆ ಬೇಕು. ಕಾಲೇಜಿನ ಇಮೇಲ್ ಇದ್ದರೆ ಬೇಗ ಮುಗಿಯುತ್ತದೆ. ಇಲ್ಲವಾದರೆ ನಿಮ್ಮ ಹೆಸರು, ಸಂಸ್ಥೆಯ ಹೆಸರು, ಈ ಶೈಕ್ಷಣಿಕ ವರ್ಷದ ದಿನಾಂಕ ಮೂರೂ ಇರುವ ಒಂದೇ ದಾಖಲೆ ಕೇಳುತ್ತಾರೆ. ಐಡಿ ಕಾರ್ಡಿನಲ್ಲಿ ಹೆಸರು, ಫೋಟೋ ಮಾತ್ರ ಇದ್ದು ವರ್ಷ ಇಲ್ಲದಿದ್ದರೆ ಅರ್ಜಿ ವಾಪಸ್. ಶುಲ್ಕ ಕಟ್ಟಿದ ರಸೀದಿ ಅಥವಾ ಪ್ರವೇಶ ಪತ್ರ ಹೆಚ್ಚು ಕೆಲಸಕ್ಕೆ ಬರುತ್ತದೆ. ಖಾತೆಯಲ್ಲಿ ಹಾಕಿದ ಹೆಸರು ದಾಖಲೆಯಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಯಂತ್ರದ ಪರಿಶೀಲನೆ ತಿರಸ್ಕರಿಸಬಹುದು. ಫೋಟೋದಲ್ಲಿ ಕಾಗದದ ನಾಲ್ಕೂ ಮೂಲೆ ಕಾಣಲಿ. ಇದಕ್ಕೆ ಕೆಲವು ದಿನ ಹಿಡಿಯಬಹುದಾದ್ದರಿಂದ ರಿಯಾಯಿತಿ ಮಾರಾಟ ಶುರುವಾಗುವ ಮುಂಚೆಯೇ ಮುಗಿಸಿಕೊಳ್ಳುವುದು ಒಳ್ಳೆಯದು.

ಆರ್ಡರ್ ಮಾಡುವ ಮುನ್ನ ವಾಪಸಾತಿ ನಿಯಮ ಓದಿ: ಹಣ ವಾಪಸೋ, ಬದಲಿ ಯಂತ್ರ ಮಾತ್ರವೋ? ಎಷ್ಟು ದಿನ? ಸತ್ತ ಪಿಕ್ಸೆಲ್ ಒಂದಿದ್ದರೆ ಬಹುಪಾಲು ಕಂಪನಿಗಳು ಅದನ್ನು ದೋಷವೆಂದು ಒಪ್ಪುವುದಿಲ್ಲ, ಆದರೆ ಮಾರಾಟಗಾರರ ವಾಪಸಾತಿ ಅವಧಿಯೊಳಗೆ ದಾರಿ ಇರಬಹುದು.

ಪೆಟ್ಟಿಗೆ ಬಂದ ದಿನ ಖುಷಿಯನ್ನು ಸ್ವಲ್ಪ ಹಿಡಿದಿಟ್ಟುಕೊಂಡು, ಸೀಲ್ ಕತ್ತರಿಸುವ ಮೊದಲೇ ವಿಡಿಯೋ ಶುರು ಮಾಡಿ, ಯಂತ್ರ ಆನ್ ಆಗುವವರೆಗೆ ನಿಲ್ಲಿಸದೆ ತೆಗೆಯಿರಿ. ಪೆಟ್ಟಿಗೆ, ತಳದ ಸ್ಟಿಕರ್, ಬಯಾಸ್ (ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್) ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇರಬೇಕು, ಬಿಲ್ಲಿನಲ್ಲೂ ಅದೇ. ಅದನ್ನು ತಯಾರಕರ ವಾರಂಟಿ ಪುಟದಲ್ಲಿ ಹಾಕಿ ನೋಡಿ. ವಾರಂಟಿ ನೀವು ಕೊಂಡ ದಿನದ ಬದಲು ಕಾರ್ಖಾನೆಯಿಂದ ಹೊರಟ ದಿನದಿಂದ ಶುರುವಾಗಿರುವುದು ಅಪರೂಪವೇನಲ್ಲ. ನನ್ನ ಯಂತ್ರದಲ್ಲೂ ಹಾಗೇ ಇತ್ತು. ಬಿಲ್ಲಿನ ಪ್ರತಿ ಕಳಿಸಿದ ಮೇಲೆ ದಿನಾಂಕ ತಿದ್ದಿದರು. ಮೊದಲ ವಾರದಲ್ಲೇ ಕೇಳಿದರೆ ಸುಲಭ, ವರ್ಷ ಕಳೆದ ಮೇಲೆ ಜಗಳ.

ಹೊಸದೆಂದು ಕೊಟ್ಟದ್ದು ನಿಜಕ್ಕೂ ಹೊಸದೇ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ನೋಡಿ. ಬೆರಳೆಣಿಕೆಯಷ್ಟು ಗಂಟೆ ಸಹಜ, ನೂರಾರು ಇದ್ದರೆ ಯಾರೋ ಬಳಸಿದ್ದಾರೆ. ಕಮಾಂಡ್ ಪ್ರಾಂಪ್ಟ್‌ನಿಂದ ವಿಂಡೋಸ್‌ನದೇ ಬ್ಯಾಟರಿ ರಿಪೋರ್ಟ್ ತೆಗೆದರೆ ವಿನ್ಯಾಸದ ಸಾಮರ್ಥ್ಯ, ಈಗಿನ ಪೂರ್ಣ ಸಾಮರ್ಥ್ಯ ಎರಡೂ ಪಕ್ಕಪಕ್ಕ ಬರುತ್ತವೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ತುಂಬಿದೆ ಎಂದು ಇರುತ್ತದೆ. ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಪರದೆ ಹಾಕಿ ಚುಕ್ಕೆ ಹುಡುಕಿ. ಕತ್ತಲಲ್ಲಿ ಕಪ್ಪು ಪರದೆ ಹಾಕಿದರೆ ಅಂಚಿನಿಂದ ಸೋರುವ ಬೆಳಕು ತಿಳಿಯುತ್ತದೆ. ಪ್ರತಿ ಕೀಲಿ, ಪ್ರತಿ ರಂಧ್ರ, ಕ್ಯಾಮೆರಾ, ಮೈಕ್, ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡಿ.

ಆಮೇಲೆ ಬಿಸಿಯ ಪರೀಕ್ಷೆ. ಚಾರ್ಜರ್ ಹಾಕಿ, ಪರ್ಫಾರ್ಮೆನ್ಸ್ ಮೋಡ್‌ನಲ್ಲಿ, ತಾಪಮಾನ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಿಟ್ಟು ಭಾರದ ಆಟವೊಂದನ್ನು ಅರ್ಧ ಗಂಟೆ ಓಡಿಸಿ. ನೋಡಬೇಕಾದದ್ದು ತಾಪಮಾನಕ್ಕಿಂತ ಹೆಚ್ಚಾಗಿ ಕಾರ್ಡ್ ಎಳೆಯುತ್ತಿರುವ ವ್ಯಾಟ್. ಮೊದಲ ಐದು ನಿಮಿಷ 100 ಇದ್ದದ್ದು ಇಪ್ಪತ್ತನೇ ನಿಮಿಷಕ್ಕೆ 70ಕ್ಕೆ ಇಳಿದರೆ ತಂಪಾಗಿಸುವ ವ್ಯವಸ್ಥೆ ಸಾಲುತ್ತಿಲ್ಲ, ಅಥವಾ ಥರ್ಮಲ್ ಪೇಸ್ಟ್ ಸರಿಯಾಗಿ ಕೂತಿಲ್ಲ. ಕಾರ್ಡ್ ಸಾಮಾನ್ಯವಾಗಿ 87 ಡಿಗ್ರಿ ಆಸುಪಾಸು ಮುಟ್ಟಿದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. 75-80ರ ಆಸುಪಾಸು ಇದ್ದರೆ ಚೆನ್ನ. ಪ್ರೊಸೆಸರ್ 95ರವರೆಗೆ ಹೋಗುವುದು ಈ ವರ್ಗದಲ್ಲಿ ಮಾಮೂಲು, ಗಾಬರಿ ಬೇಡ. ಹಿಂಬದಿಯನ್ನು ಒಂದೆರಡು ಸೆಂಟಿಮೀಟರ್ ಎತ್ತಿಟ್ಟರೆ ಕೆಲವು ಡಿಗ್ರಿ ಇಳಿಯುತ್ತದೆ. ಹಾಸಿಗೆ ಮೇಲಿಟ್ಟು ಆಡಿದರೆ ಗಾಳಿ ಎಳೆಯುವ ತಳದ ಕಿಂಡಿಗಳೇ ಮುಚ್ಚಿಹೋಗುತ್ತವೆ.

ಬಯಾಸ್ ಅಪ್‌ಡೇಟ್ ಮಾಡುವ ಮುನ್ನ ಒಂದು ಎಚ್ಚರಿಕೆ, ಇದು ಹಲವರನ್ನು ಪರೀಕ್ಷೆಯ ಹಿಂದಿನ ರಾತ್ರಿ ಕಾಡಿದ್ದು. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದಾಗ ಡ್ರೈವ್ ತಾನಾಗಿ ಎನ್‌ಕ್ರಿಪ್ಟ್ ಆಗಿರಬಹುದು. ಬಯಾಸ್ ಅಥವಾ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಾದರೆ ನೀಲಿ ಪರದೆ ಬಂದು ಬಿಟ್‌ಲಾಕರ್‌ನ 48 ಅಂಕಿಗಳ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪುಟದಲ್ಲಿರುತ್ತದೆ. ಈಗಲೇ ತೆಗೆದು ಫೋನಿನಲ್ಲೂ ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಕಾಲೇಜಿನ ಖಾತೆಯಿಂದ ಸೈನ್ ಇನ್ ಆಗಿದ್ದರೆ ಕೀ ಕಾಲೇಜಿನ ಖಾತೆಯಲ್ಲೇ ಉಳಿದಿರಬಹುದು.

ಕೊನೆಯದಾಗಿ ದಿನಬಳಕೆಗೆ ಎರಡು ಪ್ರೊಫೈಲ್ ಮಾಡಿಟ್ಟುಕೊಂಡೆ. ತರಗತಿಗೆ: ಹೈಬ್ರಿಡ್ ಗ್ರಾಫಿಕ್ಸ್, ಪರದೆ 60 ಹರ್ಟ್ಸ್, ಸೈಲೆಂಟ್ ಮೋಡ್. ಮಕ್ಸ್ ಸ್ವಿಚ್ ಆಟದ ಕಡೆಗೇ ಬಿಟ್ಟು ಹೋದರೆ ಟಿಪ್ಪಣಿ ಬರೆಯುವಾಗಲೂ ದೊಡ್ಡ ಕಾರ್ಡ್ ಎದ್ದೇ ಇರುತ್ತದೆ, ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ. ಆಟಕ್ಕೆ: ಮಕ್ಸ್ ಆನ್, ಫ್ರೇಮ್ ಮಿತಿ ಪರದೆಯ ವೇಗಕ್ಕಿಂತ ಮೂರ‍್ನಾಲ್ಕು ಕಡಿಮೆ, 400 ಫ್ರೇಮ್ ಓಡಿಸಿ ಫ್ಯಾನ್ ಕೂಗಿಸುವುದರಿಂದ 144 ಹರ್ಟ್ಸ್ ಪರದೆಯಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಹೆಚ್ಚು ಹೊತ್ತು ಚಾರ್ಜರ್‌ನಲ್ಲೇ ಇರುವ ಯಂತ್ರವಾದರೆ ತಯಾರಕರ ಆ್ಯಪ್‌ನಲ್ಲಿ ಚಾರ್ಜ್ ಮಿತಿಯನ್ನು 80%ಗೆ ಇಟ್ಟುಬಿಡಿ, ಇಡೀ ದಿನ ಹೊರಗಿರುವ ಹಿಂದಿನ ರಾತ್ರಿ ಮಾತ್ರ ತೆಗೆಯಿರಿ. ಪೆಟ್ಟಿಗೆ, ಒಳಗಿನ ಥರ್ಮೊಕೋಲ್ ಸಮೇತ, ವಾಪಸಾತಿ ಅವಧಿ ಮುಗಿಯುವವರೆಗೆ ಅಟ್ಟದ ಮೇಲಿರಲಿ.